ಅಂಗಡಿ ಅಕ್ಕಿ ತಿನ್ನುವವರಿಗೂ ಹುತ್ತರಿ ಇದೆ

ಕೊಡಗಿನಲ್ಲಿ ಹೊಸ ಭತ್ತದ ಕದಿರನ್ನು ಮನೆಗೆ ತರುವ ಹಬ್ಬ ಹುತ್ತರಿ. ಅದರ ಬಗ್ಗೆ ಅಲ್ಲಿಯ ನಾಪೋಕ್ಲು ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರದ ಮುಖ್ಯ ಭಾಗ ಇಷ್ಟು:

"ನಮ್ಮ ಗದ್ದೆ ಪಾಳು ಬಿದ್ದು ವರ್ಷಗಳಾದವು. ಆನೆ ಕಾಟ, ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೊಟ್ಟು ಪೂರೈಸುವುದಿಲ್ಲ. ಮನೆ ನಡೆಯುವುದು ಕಾಫಿ, ಕರಿಮೆಣಸಿನಿಂದ. ತಿನ್ನುವುದು ಅಂಗಡಿ ಅಕ್ಕಿ. ಆದರೂ ಹುತ್ತರಿ ರಾತ್ರಿ ಪಕ್ಕದ ಮನೆಯವರ ಗದ್ದೆಯಿಂದ ಕದಿರು ತಂದು 'ಪೊಲಿ ಪೊಲಿ ದೇವಾ' (ಹೆಚ್ಚಲಿ, ಹೆಚ್ಚಲಿ ದೇವಾ) ಎಂದು ಕೂಗುತ್ತೇವೆ. ನನಗಂತೂ ನಾಟಕ ಅನ್ನಿಸುತ್ತದೆ. ಬೆಳೆಯದವರು ಯಾವುದಕ್ಕೆ ಅಂತ ಕೈ ಮುಗಿಯಬೇಕು? ಮಗಳು ಬೆಂಗಳೂರಿಂದ ರಜೆ ಹಾಕಿ ಬರಲಾ ಎನ್ನುತ್ತಾಳೆ. ಏನು ಹೇಳಲಿ?"

ಅಕ್ಕಾ, ಅನ್ನಿಸಿದ್ದನ್ನು ಮುಚ್ಚುಮರೆಯಿಲ್ಲದೆ ಬರೆದಿರಲ್ಲ, ಸಂತೋಷ. ಸುಮ್ನೆ 'ಸಡಗರ ಸಂಭ್ರಮ' ಎಂದು ಬರೆದು ಕಳಿಸುವವರೇ ಜಾಸ್ತಿ. ಆದರೆ ಬೆಳೆದವರಿಗೆ ಮಾತ್ರ ಹುತ್ತರಿ ಎನ್ನುವ ನಿಮ್ಮ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಹಿಂದೆಯಾದರೂ ಕದಿರು ತೆಗೆದವರೆಲ್ಲ ನಾಟಿ ಮಾಡಿದವರಾಗಿದ್ದರಾ? ಆಟಿ ತಿಂಗಳ ಜಡಿಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು, ಬೆಳಗಿನಿಂದ ಸಂಜೆವರೆಗೆ ಬಗ್ಗಿದವರು ಹೆಚ್ಚಾಗಿ ಹೆಂಗಸರು, ಗದ್ದೆಯಲ್ಲಿ ಒಂದು ಹಿಡಿ ಮಣ್ಣಿನ ಪಾಲೂ ಇಲ್ಲದ ಆಳುಗಳು. ಕತ್ತಿ ಹಿಡಿದು ಮುಂದೆ ನಿಂತದ್ದು ಮನೆ ಯಜಮಾನ. ಕದಿರು ತೆಗೆಯುವಾಗ ಗುಂಡು ಹಾರಿಸಿದ್ದು ಇನ್ನೊಬ್ಬರು. ಒಳಗೆ ಬಂದ ಕದಿರಿನಲ್ಲಿ ಯಾರದ್ದೋ ಬೆನ್ನುನೋವು ಆಗಲೂ ಇದ್ದೇ ಇತ್ತು.

ಕಾಫಿಯ ಮಾತು ಬರೆದಿದ್ದೀರಿ. ಹುತ್ತರಿ ಬರುವುದು ನವೆಂಬರ್ ಕೊನೆಗೆ ಅಥವಾ ಡಿಸೆಂಬರ್‌ನಲ್ಲಿ, ಅರೇಬಿಕಾ ಹಣ್ಣಾಗುವ ಹೊತ್ತಿಗೇ. 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋದ ಮೇಲೆ ದೊಡ್ಡ ದೊಡ್ಡ ತೋಟ ಎದ್ದವು, ದುಡ್ಡು ಬಂತು, ಹಂಚಿನ ಮನೆ ಬಂತು, ಜೀಪು ಬಂತು, ಆದರೆ ಕಾಫಿಗೆ ಅಂತ ಹುತ್ತರಿಯಂಥದ್ದೊಂದು ಹಬ್ಬ ಹುಟ್ಟಲಿಲ್ಲ. ವಿಚಿತ್ರ ಅಲ್ವಾ? ನನಗೆ ಅನ್ನಿಸುವ ಕಾರಣ ಇದು: ಕಾಫಿ ಮೂಟೆಯಾಗಿ ಮನೆಯಿಂದ ಹೊರಗೆ ಹೋಗುತ್ತದೆ, ಭತ್ತ ಒಳಗೆ ಬರುತ್ತದೆ. ನಮ್ಮ ಹಿರಿಯರು ಕೈ ಮುಗಿದದ್ದು ತಟ್ಟೆಗೆ ಬಂದದ್ದಕ್ಕೆ. ತಟ್ಟೆಗೆ ಈಗಲೂ ಏನೋ ಬರುತ್ತಲೇ ಇದೆಯಲ್ಲ.

ಆ ಅಂಗಡಿ ಅಕ್ಕಿಯನ್ನೇ ತೆಗೆದುಕೊಳ್ಳಿ. ಚೀಲ ಎಲ್ಲಿಯದು ಎಂದು ಅಂಗಡಿಯವರನ್ನು ಕೇಳಿ. ಮಂಡ್ಯದ ಕಡೆಯದಾದರೆ ಅದು ಕನ್ನಂಬಾಡಿ (ಕೆಆರ್‌ಎಸ್) ಅಣೆಕಟ್ಟೆಯ ನಾಲೆಯ ನೀರು ಕುಡಿದು ಬೆಳೆದಿರುವ ಸಾಧ್ಯತೆಯೇ ಹೆಚ್ಚು. ಕನ್ನಂಬಾಡಿಗೆ ಕಾವೇರಿ ಹೋಗುವುದು ತಲಕಾವೇರಿ, ಭಾಗಮಂಡಲ ದಾಟಿ ನಿಮ್ಮೂರ ಬದಿಯಿಂದಲೇ. ಇರ್ಪುವಿನ ಲಕ್ಷ್ಮಣತೀರ್ಥ ಹೊಳೆಯೂ ಅಲ್ಲಿಗೇ ಸೇರುತ್ತದೆ. ಜೂನ್‌ನಿಂದ ಬಟ್ಟೆ ಒಣಗಲಿಲ್ಲ, ಕರೆಂಟಿಲ್ಲ, ಈ ಮಳೆ ಯಾವಾಗ ಬಿಡುತ್ತದೋ ಎಂದು ನೀವು ಬೈದ ಮಳೆಯೇ ಅಷ್ಟು ದೂರ ಸುತ್ತಿ ನಿಮ್ಮ ಅನ್ನವಾಗಿ ವಾಪಸ್ ಬಂದಿರಬಹುದು.

ಹಾಗಂತ ಮಳೆಗೆ ಯಾವಾಗಲೂ ಕೈ ಮುಗಿಯಬೇಕು ಎನ್ನುತ್ತಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮಾದಾಪುರ ಕಡೆ ಗುಡ್ಡ ಜರಿದು ತೋಟ, ಗದ್ದೆ, ಮನೆ ಹೋದವರಿಗೆ ಆ ಮಾತು ಹೇಳುವ ಬಾಯಿ ಯಾರಿಗಿದೆ? ಬಲವಂತದ ಕೃತಜ್ಞತೆ ನನಗೂ ಆಗಿಬರುವುದಿಲ್ಲ.

ನನಗಿರುವ ಪ್ರಶ್ನೆ ಬೇರೆ. ಕದಿರು ತಂದದ್ದು ಪಕ್ಕದ ಮನೆಯವರ ಗದ್ದೆಯಿಂದ. ಅವರ ಹತ್ತಿರ ಒಂದು ಮಾತಾಡಿದಿರಾ? ನಿಮ್ಮ ಪತ್ರದಲ್ಲಿ ದೇವರಿದ್ದಾನೆ, ಆನೆಯಿದೆ, ಕೂಲಿಯ ಲೆಕ್ಕವಿದೆ, ಅವರ ಬಗ್ಗೆ ಅರ್ಧ ಸಾಲು. ವರ್ಷಕ್ಕೊಂದೇ ಬೆಳೆ, ಕೈಗೆ ಏನೂ ಉಳಿಯುವುದಿಲ್ಲ ಎಂದು ಗೊತ್ತಿದ್ದೂ ಅವರು ನಾಟಿ ಮಾಡಿದ್ದಾರೆ. ನಿಮ್ಮನ್ನು ಗದ್ದೆ ಬಿಡಿಸಿದ ಆನೆ ಅವರ ಗದ್ದೆಗೇನು ರಜೆ ಕೊಟ್ಟಿರುತ್ತದೆಯೇ? ಅವರೂ ಬೇಡಪ್ಪಾ ಎಂದು ಕೈಬಿಟ್ಟರೆ ನೀವೆಲ್ಲ ಆ ರಾತ್ರಿ ಕತ್ತಿ ಹಿಡಿದು ಹೋಗುವುದಾದರೂ ಎಲ್ಲಿಗೆ? ಯಾರಿಗೆ ಕೈ ಮುಗಿಯಲಿ ಎಂದು ಕೇಳಿದಿರಿ. ನನಗೆ ಹೊಳೆಯುವ ಮೊದಲ ವಿಳಾಸ ಬೇಲಿಯಾಚೆಗಿನದು.

ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಹಬ್ಬದ ಮುಹೂರ್ತ ನಿಶ್ಚಯವಾದ ಕೂಡಲೇ ನೆರೆ (ಹಬ್ಬದ ಎಲೆಗಳ ಕಟ್ಟು) ಕಟ್ಟುವುದು ಎಷ್ಟಕ್ಕೆ, ಕದಿರು ತೆಗೆಯುವುದು ಎಷ್ಟಕ್ಕೆ ಎಂದು ಗಂಟೆ ನಿಮಿಷ ಸಮೇತ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಅಲ್ಲಿಯವರೆಗೆ ಕಾಯಬೇಡಿ, ಈಗಲೇ ಒಮ್ಮೆ ಹೋಗಿ ಬನ್ನಿ. ಅವರ ಗದ್ದೆ ಕೊಯ್ಲಿಗೆ ನಿಮ್ಮ ತೋಟದ ಆಳುಗಳನ್ನು ಒಂದು ದಿನ ಕಳಿಸಿ, ಕೂಲಿ ನೀವೇ ಕೊಡಿ. ಕಾಫಿ ಒಂದು ದಿನ ಕಾಯುತ್ತದೆ. ತಂಬಿಟ್ಟು ಕಲಸಿದಾಗ ಒಂದು ಪಾಲು ಆ ಮನೆಗೆ ಹೋಗಲಿ, ತುಪ್ಪ ಎಳ್ಳು ಧಾರಾಳವಾಗಿರಲಿ. ನಿಮ್ಮ ಪಾಳು ಗದ್ದೆಯ ಒಂದು ಮೂಲೆಯಲ್ಲಾದರೂ ಬಿತ್ತಿ ಎಂದು ಉಪದೇಶ ಮಾಡುವವರಿದ್ದಾರೆ. ನಾನು ಮಾಡುವುದಿಲ್ಲ, ಅದರ ಖರ್ಚು ನಿಮಗೇ ಚೆನ್ನಾಗಿ ಗೊತ್ತು.

ಮಗಳು ಬರಲಿ. ರಜೆ ಸಿಗದಿದ್ದರೆ ಬೆಂಗಳೂರಿನ ಕೊಡವ ಸಮಾಜದಲ್ಲೂ ಹುತ್ತರಿ ಮಾಡುತ್ತಾರೆ, ಅಲ್ಲಿಗೆ ಹೋಗಲಿ. ಸಿಕ್ಕರೆ ಮಧ್ಯಾಹ್ನದೊಳಗೆ ಮನೆ ಸೇರಲು ಹೇಳಿ, ನೆರೆ ಕಟ್ಟಲು ಅರಳಿ, ಮಾವು, ಹಲಸಿನ ಎಲೆ ತರುವ ಕೆಲಸ ಅವಳಿಗೇ ಬಿಡಿ. ಒಂದೆರಡು ದಿನ ಜಾಸ್ತಿ ಕೇಳಿಕೊಂಡೇ ಬರಲಿ. ಆಮೇಲೆ ಊರ ಮಂದ್‌ನಲ್ಲಿ, ಅಂದರೆ ಊರವರು ಸೇರುವ ಬಯಲಿನಲ್ಲಿ, ಕೋಲಾಟ ಇರುತ್ತದೆ, ಅದನ್ನು ಬಿಟ್ಟು ಬೆಳಗಿನ ಬಸ್ ಹತ್ತುವುದು ಯಾಕೆ?

- ಸಂ.