ಎಬಿಐ 1.45 ಬಂದಿದೆ ಅಂತ ಸಮಾಧಾನಪಡಬೇಡಿ

ಅಪ್ಪನಿಗೆ ಶುಗರ್ ಇದೆ, ನಡೆದರೆ ಮೀನಖಂಡ ಹಿಡಿಯುತ್ತದೆ, ಕಾಲಿನ ರಕ್ತನಾಳದ ಪರೀಕ್ಷೆ ಎಬಿಐನಲ್ಲಿ 1.45 ಬಂದಿರುವುದರಿಂದ ರಕ್ತನಾಳ ಸರಿಯಿದೆ, ಇನ್ನು ಬೆನ್ನಿನ ಎಂಆರ್‌ಐ ಮಾಡಿಸಲಾ ಅಂತ ಕೇಳಿದ್ದೀರಿ. ಬೇಡ. ಆ 1.45 ಒಳ್ಳೆಯ ಸುದ್ದಿ ಅಲ್ಲವೇ ಅಲ್ಲ.

ನನಗೂ ಹೀಗೇ ಶುರುವಾಗಿದ್ದು. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಒಂದು ಸಾಲು ದಾಟುವಷ್ಟರಲ್ಲಿ ಬಲಗಾಲು ಬಿಗಿದುಕೊಳ್ಳುತ್ತಿತ್ತು. ಬೇಡದಿದ್ದರೂ ಬಾಳೆಹಣ್ಣಿನ ಅಂಗಡಿ ಮುಂದೆ ನಿಂತು ರೇಟು ಕೇಳುತ್ತಿದ್ದೆ. ಎರಡು ನಿಮಿಷ ನಿಂತರೆ ನೋವು ಹೋಗುತ್ತಿತ್ತು. ಬೆನ್ನಿನ ನರದ ನೋವು ಸಾಮಾನ್ಯವಾಗಿ ಸುಮ್ನೆ ನಿಂತರೆ ಹೋಗಲ್ಲ, ಕೂರಬೇಕು ಇಲ್ಲವೇ ಮುಂದಕ್ಕೆ ಬಾಗಬೇಕು. ಅಪ್ಪನವರದು ಯಾವ ಥರ, ಕೇಳಿ ನೋಡಿ.

ಎಬಿಐ ಅಂದರೆ ಪಾದದ ಗಂಟಿನ ಹತ್ತಿರದ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದ ಲೆಕ್ಕ. 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ರಕ್ತನಾಳದಲ್ಲಿ ಅಡಚಣೆ. ನನಗೆ 1.5ರ ಹತ್ತಿರ ಬಂತು. ನೋಡಿದ ಡಾಕ್ಟರು ಫಸ್ಟ್ ಕ್ಲಾಸ್ ಅಂದರು, ನಾನು ನಂಬಿ ಮನೆಗೆ ಬಂದೆ. ಕೆಟ್ಟಿದ್ದು ಅಲ್ಲೇ. ವರ್ಷಗಟ್ಟಲೆ ಶುಗರ್ ಇದ್ದವರ ರಕ್ತನಾಳದ ಗೋಡೆಯಲ್ಲಿ ಕ್ಯಾಲ್ಸಿಯಂ ಕೂತುಬಿಡುತ್ತದೆ. ಬಿಸಿಲಿಗೆ ಒಣಗಿ ಸೆಟೆದ ಪೈಪಿನ ಹಾಗೆ, ಬಿಪಿ ಪಟ್ಟಿ ಎಷ್ಟು ಬಿಗಿದರೂ ಆ ನಾಳ ಅಮುಕಿಕೊಳ್ಳುವುದಿಲ್ಲ. ಒಳಗೆ ರಕ್ತ ಸರಿಯಾಗಿ ಹೋಗದಿದ್ದರೂ ನಂಬರ್ ಮೇಲೇ ಇರುತ್ತದೆ. 1.4 ದಾಟಿದರೆ ಆ ನಂಬರನ್ನು ನಂಬಲೇಬಾರದು. ಕಾಲ್ಬೆರಳಿನ ಸಣ್ಣ ನಾಳಗಳು ಅಷ್ಟಾಗಿ ಗಟ್ಟಿಯಾಗುವುದಿಲ್ಲ, ಅದಕ್ಕೇ ಬೆರಳಿನ ಬಿಪಿ ಅಳೆಯಬೇಕು. ಅದನ್ನೂ ತೋಳಿನ ಬಿಪಿಯಿಂದ ಭಾಗಿಸಿದಾಗ ಲೆಕ್ಕ 0.7ಕ್ಕಿಂತ ಕಡಿಮೆ ಬಂದರೆ ತೊಂದರೆ. ನನಗೆ ಅದನ್ನು ಮಾಡಿಸಿದ್ದು, ಉಗುರು ತೆಗೆಯುವಾಗ ಆದ ಸಣ್ಣ ಗಾಯ ಮಾಯದೆ ಹೆಬ್ಬೆರಳು ಕಪ್ಪಾದ ಮೇಲೆ. 0.3 ಬಂತು. ಆಂಜಿಯೋಪ್ಲಾಸ್ಟಿ ಮಾಡಿ, ಅಂದರೆ ಕಟ್ಟಿಕೊಂಡ ನಾಳವನ್ನು ಒಳಗಿಂದ ಹಿಗ್ಗಿಸಿ, ಪಾದ ಉಳಿಸಿದರು. ಹೆಬ್ಬೆರಳು ಉಳಿಯಲಿಲ್ಲ.

ಎಂಆರ್‌ಐ ದುಡ್ಡು ಇಟ್ಟುಕೊಳ್ಳಿ. ಈ ವಾರವೇ ವ್ಯಾಸ್ಕುಲರ್ ಸರ್ಜನ್ (ರಕ್ತನಾಳದ ಡಾಕ್ಟರು) ಹತ್ತಿರ ಹೋಗಿ, ಕಾಲ್ಬೆರಳಿನ ಬಿಪಿ ಮತ್ತು ಡಾಪ್ಲರ್ (ನಾಳದಲ್ಲಿ ರಕ್ತ ಹೇಗೆ ಹರಿಯುತ್ತಿದೆ ಅಂತ ನೋಡುವ ಸ್ಕ್ಯಾನ್) ಮಾಡಿಸಿ ಅಂತ ನೀವೇ ಬಾಯಿಬಿಟ್ಟು ಕೇಳಿ. ಸ್ಟೆಂಟ್ ಹಾಕಿಬಿಡುತ್ತಾರೆ ಅಂತ ಹೆದರಬೇಡಿ. ಗಾಯ ಇಲ್ಲದಿದ್ದರೆ ಸಾಮಾನ್ಯವಾಗಿ ಮೊದಲ ಮದ್ದು ನಡಿಗೆಯೇ. ನೋವು ಬರುವಷ್ಟು ನಡೆದು, ನಿಂತು, ಅದು ಹೋದ ಮೇಲೆ ಮತ್ತೆ ನಡೆಯುವುದು. ವಾರಕ್ಕೆ ಮೂರು ದಿನವಾದರೂ, ಮೂರು ತಿಂಗಳು ಬಿಡದೆ. ಎಷ್ಟು ಹೊತ್ತು ಅಂತ ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಬೀಡಿ ಸಿಗರೇಟು ಇದ್ದರೆ ಇವತ್ತೇ ಬಿಡಿಸಿ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಮಾತ್ರೆ ಬರೆದುಕೊಟ್ಟರೆ ಕಾಲಿಗೆ ಹೃದಯದ ಮಾತ್ರೆ ಯಾಕೆ ಅನ್ನಬೇಡಿ. ಕಾಲಿನ ನಾಳ ಕೆಟ್ಟವರಿಗೆ ಹಾರ್ಟ್ ಅಟ್ಯಾಕ್ ಭಯವೂ ಜಾಸ್ತಿ.

ರಾತ್ರಿ ಅವರ ಪಾದ ನೀವೇ ನೋಡಿ, ಬೆರಳ ಸಂದಿಯನ್ನೂ ಬಿಡಬೇಡಿ. ಗಾಯ ಕಂಡರೆ, ಬಣ್ಣ ಬದಲಾದರೆ, ಮಲಗಿದಾಗಲೂ ಕಾಲು ನೋಯುತ್ತದೆ ಅಂದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.