ಕ್ವಿಜ್ ಶೋನಲ್ಲಿ ಪ್ರಶ್ನೆಗೆ ಎಷ್ಟು ಸೆಕೆಂಡ್ ಕೊಟ್ಟರೆ ಸಸ್ಪೆನ್ಸ್ ಕೊನೇವರೆಗೂ ಉಳಿಯುತ್ತೆ?

ಯೂಟ್ಯೂಬ್‌ಗೆ ಅರ್ಧ ಗಂಟೆಯ ಕ್ವಿಜ್ ಮಾಡ್ತಿದ್ದೀನಿ, 30 ಸೆಕೆಂಡ್ ಇಡಲೋ 60 ಇಡಲೋ ಅಂತ ಕೇಳಿದ್ದೀರಿ. ಎಷ್ಟಾದರೂ ಇಡಿ. ನಿಮ್ಮ ಸಸ್ಪೆನ್ಸ್ ಹಾಳು ಮಾಡೋದು ನೋಡುವವರ ಮನೆ ಗೋಡೆ ಮೇಲಿನ ಗಡಿಯಾರ.

ಒಂದು ಸಣ್ಣ ಕೇಬಲ್ ಚಾನೆಲ್‌ನಲ್ಲಿ ಇಂಥದ್ದೇ ಶೋಗೆ ರನ್‌ಡೌನ್, ಅಂದ್ರೆ ಯಾವ ನಿಮಿಷಕ್ಕೆ ಏನು ಬರಬೇಕು ಅನ್ನೋ ಪಟ್ಟಿ, ಬರೆಯುತ್ತಿದ್ದವನು ನಾನು. ರಾತ್ರಿ 8ರಿಂದ 8.30. ಜಾಹೀರಾತು ಕಳೆದರೆ ಕೈಗೆ ಸಿಗುತ್ತಿದ್ದದ್ದು 22 ನಿಮಿಷ. ಕಂತಿಗೆ ಒಬ್ಬರೇ ಸ್ಪರ್ಧಿ, ಅವರ ಆಟ ಅವತ್ತೇ ಮುಗಿಯಬೇಕು ಅಂತ ನಿಯಮ ಮಾಡಿದ್ದೂ ನಾನೇ. ಎಡಿಟಿಂಗ್ ಸಲೀಸು, ಸ್ಪರ್ಧಿಯನ್ನು ಮರುದಿನಕ್ಕೆ ಉಳಿಸಿಕೊಂಡು ಲಾಡ್ಜ್ ಖರ್ಚು ಕೊಡೋ ತಲೆನೋವಿಲ್ಲ. ಯಾರಾದರೂ ಬೇಗ ಸೋತರೆ ನಡುನಡುವೆ ಊರು, ಮನೆ, ಮಕ್ಕಳು ಅಂತ ಹರಟೆ ತುಂಬಿಸಿ 8.30ರ ತನಕ ಎಳೆಯುತ್ತಿದ್ದೆ.

ಈಗ ಲೆಕ್ಕ ನೋಡಿ. ಒಂದು ದೊಡ್ಡ ಪ್ರಶ್ನೆ ಮುಗಿಯಲು 3 ನಿಮಿಷ ಬೇಕು. ಪ್ರಶ್ನೆ ಓದಬೇಕು, ಸ್ಪರ್ಧಿ ತನ್ನಷ್ಟಕ್ಕೆ ಗೊಣಗಬೇಕು, ಲೈಫ್‌ಲೈನ್ ತಗೋಬೇಕು, ನಿರೂಪಕರು 'ಖಂಡಿತಾನಾ?' ಅಂತ ಎರಡು ಸಲ ಕೇಳಬೇಕು. ಗಂಟೆ 8.26, ದೊಡ್ಡ ಮೊತ್ತಕ್ಕೆ ಇನ್ನೂ 4 ಪ್ರಶ್ನೆ ಬಾಕಿ ಅಂದುಕೊಳ್ಳಿ. 12 ನಿಮಿಷದ ಆಟ 4 ನಿಮಿಷದಲ್ಲಿ ಹಿಡಿಸಲ್ಲ. ಅಂದ್ರೆ ಈಗ ಸೋಲ್ತಾರೆ, ಇಲ್ಲವೇ ಆಟ ಬಿಟ್ಟು ಎದ್ದು ಹೋಗ್ತಾರೆ. ಉಲ್ಟಾನೂ ಅಷ್ಟೇ. 8.12ಕ್ಕೆ ಸ್ಪರ್ಧಿ ಬೆವರು ಒರೆಸಿಕೊಳ್ಳುತ್ತಿದ್ದರೆ ಉತ್ತರ ಸರಿಯೇ ಇರುತ್ತೆ, ಇಂಟರ್ವಲ್‌ಗೆ ಮುಂಚೆ ಹೀರೋ ಸಾಯಲ್ಲ ಅನ್ನೋ ಹಾಗೆ. ನಮ್ಮತ್ತೆ ಅಡುಗೆಮನೆಯಿಂದ ಈಚೆಗೇ ಬರುತ್ತಿರಲಿಲ್ಲ. ಒಗ್ಗರಣೆ ಹಾಕುತ್ತಲೇ 'ಗಂಟೆ ಎಷ್ಟಾಯ್ತು?' ಅಂತ ಕೇಳಿ, 'ಹಂಗಾದ್ರೆ ಹೋದ ಬಿಡು' ಅನ್ನುತ್ತಿದ್ದರು. ಒಂದು ಸಲವೂ ತಪ್ಪಲಿಲ್ಲ ಪುಣ್ಯಾತ್ಗಿತ್ತಿ.

ನಾನು ಮಾಡಿದ್ದೇನು? ನಿಮ್ಮ ಹಾಗೇ ಪ್ರಶ್ನೆಯ ಟೈಮರ್ ಹಿಡಿದುಕೊಂಡು ಕೂತೆ. ಸೆಕೆಂಡ್ ಕಡಿಮೆ ಮಾಡಿದೆ, ಟಿಕ್ ಟಿಕ್ ಸದ್ದು ಜಾಸ್ತಿ ಮಾಡಿಸಿದೆ, ದೀಪ ಕೆಂಪಗೆ ಮಾಡಿಸಿದೆ. ಕೊನೆಯ ಹತ್ತು ನಿಮಿಷಕ್ಕೆ ಜನ ಸೀರಿಯಲ್‌ಗೆ ಚಾನೆಲ್ ಬದಲಾಯಿಸುವುದು ನಿಲ್ಲಲಿಲ್ಲ. ಪ್ರಾಯೋಜಕರು ಕೈಬಿಟ್ಟರು, ಶೋ ನಿಂತಿತು, ನನ್ನ ಕೆಲಸವೂ ಹೋಯಿತು.

ಕನ್ನಡದ ಕೋಟ್ಯಧಿಪತಿ ನೆನಪಿದೆಯಲ್ವಾ, 2012ರಲ್ಲಿ ಪುನೀತ್ ರಾಜ್‌ಕುಮಾರ್ ಶುರು ಮಾಡಿದ್ದು? ಅಲ್ಲಿ ಅವತ್ತಿನ ಸಮಯ ಮುಗೀತು ಅನ್ನೋ ಹೂಟರ್ ಸದ್ದು ಆದ ಕೂಡಲೇ ಆಟ ಅರ್ಧಕ್ಕೇ ನಿಲ್ಲುತ್ತಿತ್ತು, ಅದೇ ಸ್ಪರ್ಧಿ ಮುಂದಿನ ಕಂತಿನಲ್ಲಿ ಬಂದು ಬಿಟ್ಟಲ್ಲಿಂದಲೇ ಆಡುತ್ತಿದ್ದರು. 1998ರಲ್ಲಿ ಬ್ರಿಟನ್‌ನಲ್ಲಿ ಶುರುವಾದ ಮೂಲ ಶೋನಲ್ಲೂ, 2000ದ ಹಿಂದಿ 'ಕೌನ್ ಬನೇಗಾ ಕರೋಡ್‌ಪತಿ'ಯಲ್ಲೂ (ಕೆಬಿಸಿ) ಇದೇ ಪದ್ಧತಿ. ನಾಳೆಯೂ ಜನ ನೋಡಲಿ ಅಂತ ಮಾಡಿದ ಗಿಮಿಕ್ ಅಂದುಕೊಂಡಿದ್ದೆ. ಇರಬಹುದು, ಆದರೆ ಆಟ ಎಲ್ಲಿ ಬೇಕಾದರೂ ನಿಲ್ಲಬಹುದಾದರೆ ಗಡಿಯಾರ ನೋಡಿ ಯಾರೂ ಏನೂ ಹೇಳಕ್ಕಾಗಲ್ಲ. ಕೆಬಿಸಿಯಲ್ಲಿ ಆಮೇಲೆ ಟೈಮರ್ ಬಂದಾಗಲೂ ಅದನ್ನು ಕೆಳಗಿನ ಪ್ರಶ್ನೆಗಳಿಗೆ ಇಟ್ಟರು, ದೊಡ್ಡ ಮೊತ್ತ ಬಂದಾಗ ಸ್ಪರ್ಧಿ ಎಷ್ಟು ಹೊತ್ತಾದರೂ ಒದ್ದಾಡಬಹುದಿತ್ತು. ಅವರ ಪ್ರೋಮೋಗಳು ಮಾತ್ರ ಎಷ್ಟೋ ಸಲ ಗುಟ್ಟು ರಟ್ಟು ಮಾಡಿಬಿಡುತ್ತವೆ, ಅದು ಬೇರೆ ಜಗಳ.

ಯೂಟ್ಯೂಬ್‌ನಲ್ಲಿ ನಿಮ್ಮ ಪಾಡು ನನಗಿಂತ ಕಷ್ಟ. ಗೋಡೆ ನೋಡೋದೂ ಬೇಡ, ವಿಡಿಯೋ ಕೆಳಗೇ ಕೆಂಪು ಗೆರೆ ಓಡುತ್ತಿರುತ್ತೆ. ಆದ್ದರಿಂದ ಒಂದು ವಿಡಿಯೋ ಒಂದು ಆಟ ಅನ್ನೋದನ್ನು ಮೊದಲು ಬಿಡಿ. ಒಬ್ಬರ ಆಟ ನಡುವೆ ಮುಗಿಯಲಿ, ಇನ್ನೊಬ್ಬರದು ಅಲ್ಲೇ ಶುರುವಾಗಿ ಅರ್ಧಕ್ಕೆ ಕಟ್ ಆಗಲಿ. ಕಾಮೆಂಟ್‌ನಲ್ಲಿ ಒಂದಿಷ್ಟು ಜನ ಬೈತಾರೆ. ಬೈಯಲಿ ಬಿಡಿ.