ಫೋಕಸ್ ಗ್ರೂಪ್‌ನಲ್ಲಿ (ಹೊಸ ಸರಕಿನ ಬಗ್ಗೆ ಅಭಿಪ್ರಾಯ ಕೇಳಲು ಕಂಪನಿ ಕೂರಿಸುವ ಚಿಕ್ಕ ಗುಂಪಿನಲ್ಲಿ) ಎಲ್ಲರೂ ಒಂದೇ ರಾಗ ಹಾಡುವುದೇಕೆ?

ಮೊದಲು ಬಾಯಿಬಿಟ್ಟವರಿಗೆ ಉಳಿದವರು ತಾಳ ಹಾಕುವುದರಿಂದ. ಎಂಟು ಜನರಿಗೆ ಹೊಸ ಪುಡಿಯ ಕಾಫಿ ಕೊಡಿ. ಒಬ್ಬರು "ಚಿಕೋರಿ ಜಾಸ್ತಿಯಾಯ್ತು" ಅಂದರೆ ಸಾಕು, ಲೋಟ ಖಾಲಿ ಮಾಡಿ ಕೂತವರೂ "ಹೌದ್ರೀ, ಕಹಿ" ಅನ್ನುತ್ತಾರೆ! ಒಂದೇ ಕಡೆಯಿಂದ ಆಚೆ ಕಾಣುವ ಕನ್ನಡಿಯ ಹಿಂದೆ ಕೂತ ಕಂಪನಿಯವರು ಅದನ್ನೇ ಬರೆದುಕೊಳ್ಳುತ್ತಾರೆ.

ಹಾಗಾಗಿ ಮಾತಿಗೆ ಮುಂಚೆಯೇ ಎಲ್ಲರಿಂದ ಚೀಟಿಯಲ್ಲಿ ಅಂಕ ಬರೆಸಿ. ಲೋಟದ ಮೇಲೆ 'ಎ', 'ಬಿ' ಬೇಡ, 'ಎ' ಅಂದರೆ ಮೇಲು ಅಂದುಕೊಳ್ಳುತ್ತಾರೆ. 417, 692ರಂಥ ಸಂಖ್ಯೆ ಹಾಕಿ. ಕೊನೆಗೆ ಲೋಟದಲ್ಲಿ ಎಷ್ಟು ಉಳಿಯಿತು ನೋಡಿ, ಬಾಯಿಗಿಂತ ಅದನ್ನು ನಂಬಬಹುದು.

ಆದರೆ ಗುಂಪಿನ ಒತ್ತಡವನ್ನು ಪೂರ್ತಿ ತಳ್ಳಿಹಾಕಬೇಡಿ. 1985ರಲ್ಲಿ ಕೋಕಾ-ಕೋಲಾದ ಹೊಸ ರುಚಿ ಸುಮಾರು 2 ಲಕ್ಷ ಜನರ ರುಚಿಪರೀಕ್ಷೆಯಲ್ಲಿ ಗೆದ್ದಿತ್ತು; ಗುಂಪುಚರ್ಚೆಗಳಲ್ಲಿ ಮಾತ್ರ ಸಿಟ್ಟಾದ ಕೆಲವರು ಉಳಿದವರನ್ನೂ ತಮ್ಮ ಕಡೆಗೆ ಎಳೆದಿದ್ದರು. ಅಮೆರಿಕದ ಮಾರುಕಟ್ಟೆಯಲ್ಲೂ ಹಾಗೇ ಆಯಿತು: 79 ದಿನಕ್ಕೆ ಹಳೆಯದು ವಾಪಸ್.